ಸಂತೆಯ ಬೋರಿಂಗಿಗೆ ಸೊಲ್ಲಾಪುರವೇ ತವರು

ಅಕ್ಕಲಕೋಟೆ, ಜತ್ತ ಭಾಗದ ಸಂತೆಯೂರುಗಳಲ್ಲಿ ನಾವು ‘ಬೋರಿಂಗ್’ ಎಂದು ಕರೆಯುವ ಕಬ್ಬಿಣದ ಕೈಪಂಪು ಮರಾಠಿಯವರ ಬಾಯಲ್ಲಿ ‘ಹಾತಪಂಪ್’. ಅದರ ಅಧಿಕೃತ ಹೆಸರು ‘ಇಂಡಿಯಾ ಮಾರ್ಕ್ 2’. ಹೆಸರಿನಲ್ಲಿ ಇಡೀ ದೇಶವಿದ್ದರೂ ಅದಕ್ಕೆ ಆಧಾರವಾದ ಮಾದರಿ ರೂಪುಗೊಂಡದ್ದು ಸೊಲ್ಲಾಪುರದಲ್ಲಿ. ಸಿದ್ಧರಾಮನು ಕೆರೆ ಕಟ್ಟಿಸಿದ ಸೊನ್ನಲಿಗೆಯೆಂಬುದು ಇದೇ ಊರು; ನೀರಿನ ಚಿಂತೆ ಇಲ್ಲಿಗೆ ಹೊಸದಲ್ಲ.

1960ರ ದಶಕದ ಬರಗಾಲಗಳ ನಂತರ ಕಲ್ಲುನೆಲದಲ್ಲಿ ಕೊಳವೆಬಾವಿಗಳನ್ನು ಕೊರೆಯಲಾಯಿತು. ನೀರು ದೊರೆಯಿತು, ಆದರೆ ಪಂಪುಗಳು ಬಾಳಲಿಲ್ಲ. ಆಗಿನ ಬೀಡುಕಬ್ಬಿಣದ ಪಂಪುಗಳು ಯುರೋಪ್, ಅಮೆರಿಕಗಳ ರೈತಮನೆಯ ಅಂಗಳಕ್ಕೆಂದು ಮಾಡಿದವುಗಳ ನಕಲು. ಒಂದು ಕುಟುಂಬಕ್ಕೆ ಸಾಕಾದದ್ದನ್ನು ಇಲ್ಲಿ ನೂರಾರು ಜನ ದಿನವಿಡೀ ಒತ್ತಿದರೆ ಉಳಿಯುವುದುಂಟೇ?

ಸೊಲ್ಲಾಪುರದ ಪಂಪು ಉಕ್ಕಿನದು. ಅದರ ಜಾಣ್ಮೆಯೆಲ್ಲ ತಲೆಯೊಳಗಿನ ಸರಪಳಿಯಲ್ಲಿದೆ. ಹಿಡಿಕೆಯ ಒಳತುದಿ ಬಿಲ್ಲಿನಂತೆ ಬಾಗಿದೆ. ಸರಪಳಿ ಆ ಬಾಗಿನ ಮೇಲೆ ಹಾಯ್ದು ಕೆಳಗಿನ ಸರಳನ್ನು ನೇರವಾಗಿ ಮೇಲೆತ್ತುತ್ತದೆ. ಸರಳು ಅತ್ತಿತ್ತ ವಾಲದ ಕಾರಣ ಸವೆತ ಕಡಿಮೆ. ಸರಪಳಿ ಎಳೆಯಬಲ್ಲದೇ ಹೊರತು ತಳ್ಳಲಾರದು. ಸರಳು ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ. ಹೀರಿ ಎತ್ತುವ ಪಂಪಿಗೆ ಏಳೆಂಟು ಮೀಟರ್ ಆಳವೇ ಮಿತಿ. ಇಲ್ಲಿಯಾದರೋ ಸಿಲಿಂಡರು ನೀರಿನಲ್ಲಿಯೇ ಮುಳುಗಿರುವುದರಿಂದ ಸುಮಾರು 50 ಮೀಟರ್ ಆಳದಿಂದಲೂ ನೀರು ಬರುತ್ತದೆ. ನಿಮಿಷಕ್ಕೆ 40 ಸಲ ಒತ್ತಿದರೆ ಸುಮಾರು 12 ಲೀಟರ್. ವಿಜ್ಞಾನದ ಪಾಠಕ್ಕೆ ಇದಕ್ಕಿಂತ ಹತ್ತಿರದ ಉಪಕರಣ ನಮ್ಮ ಶಾಲೆಗಳಿಗೆ ಬೇರೆ ಬೇಕಿಲ್ಲ.

1970ರ ದಶಕದ ನಡುವಿನಲ್ಲಿ ಭಾರತ ಸರಕಾರ ಹಾಗೂ ಯುನಿಸೆಫ್, ಮದರಾಸಿನ ರಿಚರ್ಡ್‌ಸನ್ ಅಂಡ್ ಕ್ರೂಡಾಸ್ ಕಾರ್ಖಾನೆಯ ನೆರವಿನಿಂದ ಈ ಮಾದರಿಯನ್ನು ತಿದ್ದಿದವು. ಕೊಯಮತ್ತೂರಿನ ಸುತ್ತಮುತ್ತ ಪರೀಕ್ಷೆ ನಡೆಯಿತು. ಮುಂದೆ ಅದು ಆಫ್ರಿಕದ ಹಳ್ಳಿಗಳನ್ನೂ ಮುಟ್ಟಿತು.

ಈಗ ನಳ ಬಂದಿದೆಯೆಂದು ಹಲವೆಡೆ ಬೋರಿಂಗನ್ನು ಕೈಬಿಡಲಾಗಿದೆ. ನಳಕ್ಕೆ ವಿದ್ಯುತ್ತು ಬೇಕು, ಸರದಿಯ ದಿನ ಬರಬೇಕು. ಬೋರಿಂಗಿಗೆ ಎರಡೂ ಬೇಡ. ಕೆಟ್ಟು ನಿಂತ ಪಂಪಿನ ಕೆಳಗೆ ನೀರು ಬತ್ತಿದೆಯೆಂದು ಪಂಚಾಯತಿಯವರು ಹೇಳಿದೊಡನೆ ಪಾಲಕರು ಒಪ್ಪಬೇಕಾಗಿಲ್ಲ. ಹಿಡಿಕೆ ಭಾರವಿಲ್ಲದೆ ಹಗುರಾಗಿ ಆಡಿದರೆ ಸರಳು ಕಳಚಿರಬಹುದು. ಬಹಳ ಹೊತ್ತು ಒತ್ತಿದ ಮೇಲೆ ನೀರು ಬಂದರೆ ಸಿಲಿಂಡರಿನ ವಾಷರು ಅಥವಾ ಕವಾಟ ಸವೆದಿರುವ ಸಂಭವ ಹೆಚ್ಚು. ಇವೆರಡೂ ದುರಸ್ತಿಯಾಗುವಂಥವು, ಆದರೆ ಕೊಳವೆಗಳನ್ನೆಲ್ಲ ಮೇಲೆತ್ತಬೇಕಾದ್ದರಿಂದ ನಾಲ್ಕಾರು ಆಳು ಬೇಕು. ಅರ್ಜಿಯನ್ನು ಬೇಸಿಗೆಗೆ ಮೊದಲೇ ಕೊಡುವುದು ಲೇಸು.