ರೇಡಿಯೊ ಬೇಡವೆಂದ ಪ್ಲೇಟುಗಳು

ಇಂಗ್ಲೆಂಡಿನ ವಾಯವ್ಯ ಕರಾವಳಿಯಲ್ಲಿರುವ ಬ್ಲ್ಯಾಕ್‌ಪೂಲ್‌ಗೆ ರಜೆಯಲ್ಲಿ ಹೋದವರು ಹಿಂದಿರುಗುವಾಗ ಮನೆಯವರಿಗೆಂದು ಒಂದು ಮಿಠಾಯಿ ತರುತ್ತಾರೆ. ಅದರ ಹೆಸರು ‘ರಾಕ್’. ಗೇಣುದ್ದದ ಕೋಲು, ಹೊರಗೆ ಗುಲಾಬಿ, ಒಳಗೆ ಬಿಳಿ, ಬಾಯಿಗಿಟ್ಟರೆ ಪುದೀನದ ತಂಪು. ಎಲ್ಲೇ ಮುರಿದರೂ ಆ ಮುರಿದ ಜಾಗದಲ್ಲಿ ಊರಿನ ಹೆಸರು ಸಣ್ಣ ಅಕ್ಷರಗಳಲ್ಲಿ ಕಾಣುತ್ತದೆ. ಇದನ್ನು ಮಾಡುವುದನ್ನು ನೋಡಬೇಕು. ಸಕ್ಕರೆ ಪಾಕವನ್ನು ಗಟ್ಟಿಯಾಗಿ ಕಾಯಿಸಿ, ಬಿಸಿ ಆರುವ ಮುಂಚೆ ಒಂದು ಪಾಲನ್ನು ಕೊಕ್ಕೆಗೆ ಹಾಕಿ ಎಳೆದೆಳೆದು ಬಿಳಿ ಮಾಡುತ್ತಾರೆ. ನಮ್ಮ ಜಾತ್ರೆಯ ಬೊಂಬಾಯಿ ಮಿಠಾಯಿಯವನು ಎಳೆಯುತ್ತಿದ್ದನಲ್ಲ, ಹಾಗೆ. ಬಣ್ಣದ ಪಾಕದ ಪಟ್ಟಿಗಳನ್ನು ಬಿಳಿ ಪಟ್ಟಿಗಳ ನಡುವೆ ಜೋಡಿಸಿ ಒಂದೊಂದು ಅಕ್ಷರ ಕಟ್ಟುತ್ತಾರೆ. ಅಕ್ಷರಗಳೆಲ್ಲ ಸೇರಿ ಆಳು ತಬ್ಬಿ ಎತ್ತಬೇಕಾದಷ್ಟು ದಪ್ಪದ ದಿಂಡಾಗುತ್ತದೆ. ಅದನ್ನು ಉರುಳಿಸುತ್ತ, ಎಳೆಯುತ್ತ ಬೆರಳಿನಷ್ಟು ಸಣ್ಣಗೆ ಮಾಡುವಷ್ಟರಲ್ಲಿ ಒಳಗಿನ ಅಕ್ಷರಗಳೂ ರೂಪ ಕೆಡದೆ ಸಣ್ಣಗಾಗಿರುತ್ತವೆ.

1937ರಲ್ಲಿ ಜಾರ್ಜ್ ಫಾರ್ಮ್‌ಬಿ ಎಂಬ ಹಾಸ್ಯಗಾರ ಈ ಮಿಠಾಯಿಯ ಮೇಲೊಂದು ಹಾಡು ಹಾಡಿದ. ಕೈಯಲ್ಲಿ ರಾಕ್ ಹಿಡಿದು ಕಡಲತೀರದಲ್ಲಿ ಅಡ್ಡಾಡುವ ಹುಡುಗನ ಹಾಡು, ಅಷ್ಟೆ. ಅದರಲ್ಲಿ ಒಂದೂ ಕೆಟ್ಟ ಮಾತಿಲ್ಲ. ಆದರೂ ಬಿಬಿಸಿ ಅದನ್ನು ಪ್ರಸಾರ ಮಾಡಲಾಗದು ಎಂದಿತು. ಮಿಠಾಯಿ ಕೋಲಿನಲ್ಲಿ ಅಂಥದ್ದೇನಿತ್ತು ಎಂದು ಕೇಳಿದರೆ ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತೇವಲ್ಲ, ಇಂಥ ಹಾಡುಗಳ ಕಸುಬೆಲ್ಲ ಆ ಗಾದೆಯಲ್ಲೇ ಇದೆ. ಹಾಡುವವನು ಕುಂಬಳಕಾಯಿ ಎನ್ನುತ್ತಾನೆ. ನಕ್ಕವನು ಹೆಗಲು ಮುಟ್ಟಿಕೊಂಡು ಸಿಕ್ಕಿಬೀಳುತ್ತಾನೆ.

ಎರಡರ್ಥದ ಹಾಡು ಎಂದರೆ ನಮ್ಮಲ್ಲಿ ಮೂಗು ಮುರಿಯುವವರೇ ಹೆಚ್ಚು. ಅದಕ್ಕೆ ಕಾರಣವೂ ಇದೆ. ಎರಡನೆಯ ಅರ್ಥವನ್ನೇ ಮುಂದಿಟ್ಟು, ಕಣ್ಣು ಹೊಡೆದು, ಮೇಲೊಂದು ಢಂ ಎಂಬ ಸದ್ದನ್ನೂ ಹಾಕುವ ಹಾಡುಗಳೇ ನಮ್ಮ ಕಿವಿಗೆ ಬಿದ್ದಿರುವುದು ಹೆಚ್ಚು. ಫಾರ್ಮ್‌ಬಿಯದು ಬೇರೆ ಜಾತಿಯ ವಿದ್ಯೆ. ಅವನ ಗ್ರಾಮಫೋನ್ ಪ್ಲೇಟು ಕೇಳಿ ನೋಡಿ: ತುಸು ಮೂಗಿನ, ಕೀರಲು ದನಿ, ಅಪ್ಪಟ ಲ್ಯಾಂಕಷೈರ್ ಉಚ್ಚಾರಣೆ, ಹಳ್ಳಿಯಿಂದ ಈಗಷ್ಟೇ ಪೇಟೆಗೆ ಬಂದ ಹುಡುಗನ ಅಮಾಯಕತೆ. ತಾನು ಹೇಳುತ್ತಿರುವುದಕ್ಕೆ ಇನ್ನೊಂದು ಅರ್ಥವಿದೆ ಎಂಬುದು ಅವನಿಗೇ ಗೊತ್ತಿಲ್ಲವೇನೋ ಅನ್ನಿಸುತ್ತದೆ. ಆ ‘ಗೊತ್ತಿಲ್ಲದಿರುವಿಕೆ’ಯನ್ನು ಮೂರು ನಿಮಿಷ ಒಂದೇ ಹದದಲ್ಲಿ ಹಿಡಿದಿಡುವುದು ಸುಲಭದ ಕೆಲಸವಲ್ಲ. ಎಲ್ಲೋ ಒಂದು ಕಡೆ ದನಿಯಲ್ಲಿ ನಗು ಇಣುಕಿದರೂ ಹಾಡು ಪೋಲಿಯಾಗಿಬಿಡುತ್ತದೆ. ಅವನ ದನಿಯಲ್ಲಿ ಅದು ಇಣುಕುವುದಿಲ್ಲ.

ಫಾರ್ಮ್‌ಬಿ ಹುಟ್ಟಿದ್ದು 1904ರ ಮೇ 26ರಂದು, ಲ್ಯಾಂಕಷೈರಿನ ವಿಗನ್‌ನಲ್ಲಿ. ಜಾರ್ಜ್ ಹೋಯ್ ಬೂತ್ ಎಂಬುದು ನಿಜನಾಮ. ತಂದೆಯೂ ಹಾಡು-ಹಾಸ್ಯದ ರಂಗಮಂದಿರಗಳಾದ ಮ್ಯೂಸಿಕ್ ಹಾಲ್‌ಗಳ ಹೆಸರಾಂತ ಹಾಸ್ಯಗಾರ. ಕ್ಷಯದ ಕೆಮ್ಮನ್ನೇ ವೇದಿಕೆಯ ನಗೆಯಾಗಿಸಿಕೊಂಡವನು, ಕೊನೆಗೆ 1921ರಲ್ಲಿ ಆ ರೋಗಕ್ಕೇ ತುತ್ತಾದ. ಮಗ ಬಣ್ಣ ಹಚ್ಚುವುದು ಅವನಿಗೆ ಬೇಕಿರಲಿಲ್ಲ; ಚಿಕ್ಕಂದಿನಲ್ಲೇ ಕುದುರೆ ಲಾಯಕ್ಕೆ ಸೇರಿಸಿ, ಜಾಕಿ ಮಾಡಲು ಹೊರಟಿದ್ದ. ತಂದೆ ಹೋದ ಮೇಲೆ ಮಗ ರೇಸು ಬಿಟ್ಟು ರಂಗಕ್ಕೆ ಬಂದ, ಮೊದಮೊದಲು ತಂದೆಯ ಹಾಡುಗಳನ್ನೇ ಹಾಡಿದ. 1924ರಲ್ಲಿ ನರ್ತಕಿ ಬೆರಿಲ್ ಇಂಗಮ್‌ಳನ್ನು ಮದುವೆಯಾದ. ಅಲ್ಲಿಂದ ಮುಂದೆ ಲೆಕ್ಕಪತ್ರ, ಕರಾರು, ಉಡುಪು, ಹಾಡಿನ ಆಯ್ಕೆ ಎಲ್ಲ ಅವಳದೇ. ಬಿಬಿಸಿಯ ಜೊತೆ ಜಗಳಕ್ಕೆ ನಿಂತವಳೂ ಅವಳೇ.

ಅವನ ಕೈಯಲ್ಲಿದ್ದ ವಾದ್ಯದ ಬಗ್ಗೆ ಎರಡು ಮಾತು ಹೇಳಲೇಬೇಕು. ಪೋರ್ಚುಗಲ್‌ನ ಮಡೀರಾ ದ್ವೀಪದ ಕೂಲಿಗಳು 1879ರಲ್ಲಿ ಹಡಗಿನಲ್ಲಿ ಹವಾಯಿಗೆ ಒಯ್ದ ಪುಟ್ಟ ಗಿಟಾರು ಅಲ್ಲಿ ಯುಕುಲೇಲೆ ಆಯಿತು. ಅಲ್ಲಿನ ನುಡಿಯಲ್ಲಿ ‘ಹಾರುವ ಚಿಗಟ’ ಎಂದು ಅರ್ಥ. ಫಾರ್ಮ್‌ಬಿ ನುಡಿಸುತ್ತಿದ್ದುದು ಬಹುಪಾಲು ಅದರ ಮಿಶ್ರತಳಿಯನ್ನು, ಬ್ಯಾಂಜೊಲೇಲೆಯನ್ನು: ಕತ್ತು ಯುಕುಲೇಲೆಯದು, ಹೊಟ್ಟೆ ಬ್ಯಾಂಜೊದ ಹಾಗೆ ಚರ್ಮ ಬಿಗಿದದ್ದು, ತಂತಿ ನಾಲ್ಕು. ಕೈ ಕೆಳಗೆ ಬರುವಾಗ ನಾಲ್ಕೂ ತಂತಿ ಮಿಡಿಯುತ್ತವೆ. ಮೇಲೆ ಹೋಗುವಾಗ ಬೆರಳು ತುದಿಯ ಒಂದೇ ತಂತಿಯನ್ನು ತಟ್ಟುತ್ತದೆ, ಮರುಕ್ಷಣ ಆಚೆ ತುದಿಯ ಇನ್ನೊಂದನ್ನು. ಇದರಿಂದ ತಾಳ ಎಡವಿದಂತೆ ಕೇಳಿಸುತ್ತದೆ, ಆದರೆ ಎಡವುವುದಿಲ್ಲ. ಇದಕ್ಕೆ ‘ಸ್ಪ್ಲಿಟ್ ಸ್ಟ್ರೋಕ್’ ಎನ್ನುತ್ತಾರೆ. ಅವನಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಬೇರೆ ಬೇರೆ ಶ್ರುತಿಗೆ ಬೇರೆ ಬೇರೆ ವಾದ್ಯ ಇಟ್ಟುಕೊಂಡು ನಿಭಾಯಿಸುತ್ತಿದ್ದ. ಇಂದಿಗೂ ಆ ಬೆರಳಾಟವನ್ನು ಸರಿಯಾಗಿ ಹಿಡಿಯಲು ಕಲಿಯುವವರು ವರ್ಷಗಟ್ಟಲೆ ಒದ್ದಾಡುತ್ತಾರೆ.

ನಿಷೇಧದ ಕಥೆ ಮಿಠಾಯಿ ಹಾಡಿಗಿಂತ ಹಿಂದಿನದು. 1936ರ ‘ಕೀಪ್ ಯುವರ್ ಸೀಟ್ಸ್, ಪ್ಲೀಸ್’ ಚಿತ್ರದಲ್ಲಿ ಫಾರ್ಮ್‌ಬಿ ಕಿಟಕಿ ಒರೆಸುವವನ ಹಾಡು ಹಾಡಿದ. ‘ವೆನ್ ಐಯಾಮ್ ಕ್ಲೀನಿಂಗ್ ವಿಂಡೋಸ್’ ಎಂದು ಅದು ಪ್ರಸಿದ್ಧ. ಹ್ಯಾರಿ ಗಿಫರ್ಡ್, ಫ್ರೆಡ್ ಕ್ಲಿಫ್ ಅವರೊಂದಿಗೆ ಬರೆದವರ ಸಾಲಿನಲ್ಲಿ ಫಾರ್ಮ್‌ಬಿಯ ಹೆಸರೂ ಇದೆ. ಏಣಿ ಹತ್ತಿದವನು ಗಾಜಿನಾಚೆ ಕಂಡದ್ದನ್ನು ಒಂದೊಂದು ನುಡಿಯಲ್ಲಿ ಹೇಳುತ್ತಾನೆ: ಹೊಸದಾಗಿ ಮದುವೆಯಾದ ಜೋಡಿ, ಸಿನಿಮಾ ತಾರೆ, ಮದುವೆಯಾಗದ ಹಿರಿಯ ಹೆಂಗಸು. ಕೇಳುವವರು ಉಳಿದದ್ದನ್ನು ಊಹಿಸುವ ಹೊತ್ತಿಗೆ ಅವನು ಮುಂದಿನ ಕಿಟಕಿಗೆ ಏಣಿ ಸರಿಸಿರುತ್ತಾನೆ. ಪ್ಲೇಟು ಎಷ್ಟು ಖರ್ಚಾಯಿತೆಂದರೆ ಹೊಸ ನುಡಿಗಳನ್ನು ಹಾಕಿ ಎರಡನೆಯ ಭಾಗವನ್ನೂ ತರಬೇಕಾಯಿತು. 1 ಲಕ್ಷ ಪ್ರತಿ ಮಾರಾಟವಾದದ್ದಕ್ಕೆ ರೀಗಲ್ ಜೋನೊಫೋನ್ ಕಂಪನಿ 1937ರ ಡಿಸೆಂಬರಿನಲ್ಲಿ ಅವನಿಗೆ ಬೆಳ್ಳಿಯ ತಟ್ಟೆ ಕೊಟ್ಟು ಗೌರವಿಸಿತು.

ಬಿಬಿಸಿ ಮಾತ್ರ ಬಾಗಿಲು ತೆರೆಯಲಿಲ್ಲ. ಆಗ ಅದರ ಮಹಾನಿರ್ದೇಶಕ ಜಾನ್ ರೀತ್, ಸ್ಕಾಟ್ಲೆಂಡಿನ ಪಾದ್ರಿಯೊಬ್ಬರ ಮಗ. ರೇಡಿಯೊ ಇರುವುದು ಜನರನ್ನು ತಿದ್ದಲಿಕ್ಕೆ, ಜನ ಕೇಳಿದ್ದನ್ನೆಲ್ಲ ಉಣಬಡಿಸಲಿಕ್ಕಲ್ಲ ಎಂಬುದು ಅವನ ದೃಢ ನಂಬಿಕೆ. ಇದನ್ನು ಬರೀ ಮಡಿವಂತಿಕೆ ಎಂದು ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಮ್ಯೂಸಿಕ್ ಹಾಲ್‌ಗೆ ಹೋದವನು ಟಿಕೆಟ್ ಕೊಂಡು, ಏನು ಕೇಳಲಿದ್ದೇನೆಂದು ತಿಳಿದೇ ಕುಳಿತಿರುತ್ತಾನೆ. ಸುತ್ತಲಿನ ನೂರಾರು ಜನರ ನಗುವಿನಲ್ಲಿ ಅವನ ನಗು ಬೆರೆತುಹೋಗುತ್ತದೆ. ರೇಡಿಯೊ ಹಾಗಲ್ಲ. ಅದು ನಡುಮನೆಗೆ ಬಂದು ಅಪ್ಪ, ಮಗಳು, ಅತ್ತೆ, ಸೊಸೆ ಎಲ್ಲರ ನಡುವೆ ಕೂರುತ್ತದೆ. ಅಲ್ಲಿ ಯಾರು ಮೊದಲು ನಕ್ಕರು ಎಂಬುದು ಎಲ್ಲರಿಗೂ ಕಾಣುತ್ತದೆ. ರೀತ್ ಹೆದರಿದ್ದು ಆ ನಡುಮನೆಯ ಮುಜುಗರಕ್ಕೆ. ಅವನು ಎಡವಿದ್ದು ಇನ್ನೊಂದು ಕಡೆ. ಆ ಮನೆಮಂದಿಯೇ ಶನಿವಾರ ಒಟ್ಟಿಗೆ ಹೋಗಿ ಅದೇ ಹಾಡನ್ನು ಸಿನಿಮಾದಲ್ಲಿ ಕೇಳಿ, ಒಟ್ಟಿಗೆ ನಕ್ಕು ಬರುತ್ತಿದ್ದರು.

ಈ ನಿಷೇಧಕ್ಕೆ ಕಾನೂನಿನ ಬಲವೇನೂ ಇರಲಿಲ್ಲ. ಯಾರೂ ಜೈಲಿಗೆ ಹೋಗಲಿಲ್ಲ, ಅಂಗಡಿಯಲ್ಲಿ ಪ್ಲೇಟು ಮಾರುವುದನ್ನು ಯಾರೂ ತಡೆಯಲಿಲ್ಲ. ರೇಡಿಯೊದಲ್ಲಿ ಹಾಕುವುದಿಲ್ಲ, ಅಷ್ಟೆ. ಆ ದೇಶದೊಳಗೆ ಬಿಬಿಸಿ ಬಿಟ್ಟು ಬೇರೆ ರೇಡಿಯೊ ಇಲ್ಲದ ಕಾಲವಾದ್ದರಿಂದ ಆ ‘ಅಷ್ಟೆ’ಯೇ ದೊಡ್ಡದಾಗಿತ್ತು. ರೀತ್ 1938ರಲ್ಲಿ ಹುದ್ದೆ ಬಿಟ್ಟ. ಮುಂದೆ ಎರಡನೆಯ ಮಹಾಯುದ್ಧ ಬಂತು. 1941ರಲ್ಲಿ ಬೆರಿಲ್ ಬಿಬಿಸಿಯವರಿಗೆ ಒಂದು ಸಂಗತಿ ತಿಳಿಸಿದಳು: ಈ ಹಾಡು ಅರಮನೆಯವರಿಗೆ, ಅದರಲ್ಲೂ ರಾಜಮಾತೆ ಮೇರಿಗೆ ಬಲು ಮೆಚ್ಚು. ರಾಜ-ರಾಣಿಯರ ಮುಂದೆಯೇ ಇದನ್ನು ಹಾಡಿದ್ದೇನೆ ಎಂದು ಫಾರ್ಮ್‌ಬಿಯೂ ದನಿಗೂಡಿಸಿದ. ಅರಮನೆ ನಕ್ಕ ಹಾಡಿಗೆ ಬಿಬಿಸಿ ಮುಖ ಗಂಟಿಕ್ಕುವುದು ಹೇಗೆ? ಬಾಗಿಲು ತೆರೆಯಿತು.

ಹಾಗೆಂದು ಬಿಬಿಸಿಯ ಕತ್ತರಿ ಮೊಂಡಾಗಲಿಲ್ಲ. 1940ರ ದಶಕದ ಕೊನೆಯಲ್ಲಿ ಹಾಸ್ಯ ಕಾರ್ಯಕ್ರಮ ಬರೆಯುವವರಿಗೆಂದೇ ಅದು ಒಂದು ಕೈಪಿಡಿ ಸಿದ್ಧಮಾಡಿತು. ‘ಹಸಿರು ಪುಸ್ತಕ’ ಎಂದೇ ಅದರ ಹೆಸರು. ಪಾಯಿಖಾನೆ, ಹೆಂಗಸರ ಒಳ ಉಡುಪು, ಮಧುಚಂದ್ರದ ಜೋಡಿ, ಹೋಟೆಲಿನ ಕೋಣೆ ಗುಡಿಸುವವಳು, ಅಂಜೂರದ ಎಲೆ, ಮೊಲಗಳ ಸಂಸಾರ, ಊರೂರು ತಿರುಗುವ ವ್ಯಾಪಾರಿ, ಬಾಡಿಗೆಗಿರುವವನು ಇವುಗಳ ಸುತ್ತಿನ ಸೂಚ್ಯ ನಗೆಗೆ ಅದರಲ್ಲಿ ಎಡೆಯಿರಲಿಲ್ಲ. ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ಆ ಕಾಲದ ಇಂಗ್ಲೆಂಡ್ ಯಾವುದಕ್ಕೆ ನಗುತ್ತಿತ್ತು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾಖಲೆ ನನಗೆ ಸಿಕ್ಕಿಲ್ಲ. ಬ್ರೈಟನ್ನಿನ ಹಾಸ್ಯಗಾರ ಮ್ಯಾಕ್ಸ್ ಮಿಲ್ಲರ್ ವೇದಿಕೆಗೆ ಎರಡು ಪುಸ್ತಕ ಹಿಡಿದು ಬರುತ್ತಿದ್ದ. ಬಿಳಿಯದರಲ್ಲಿ ಸಭ್ಯ ಚಟಾಕಿ, ನೀಲಿಯದರಲ್ಲಿ ಉಳಿದವು. ಯಾವುದು ಬೇಕೆಂದು ಸಭಿಕರನ್ನೇ ಕೇಳುತ್ತಿದ್ದ. ಜನ ಯಾವುದನ್ನು ಕೂಗುತ್ತಿದ್ದರೆಂದು ಹೇಳಬೇಕಾಗಿಲ್ಲ.

ಅಮೆರಿಕದಲ್ಲಿ ಇಂಥ ಎರಡರ್ಥದ ಪ್ಲೇಟುಗಳನ್ನು ‘ಪಾರ್ಟಿ ರೆಕಾರ್ಡ್’ ಎನ್ನುತ್ತಿದ್ದರು. ಮಕ್ಕಳು ಮಲಗಿದ ಮೇಲೆ ದೊಡ್ಡವರು ಸೇರಿ ಕೇಳುವ ಪ್ಲೇಟು. ರೂತ್ ವಾಲಿಸ್ ಎಂಬಾಕೆ ಡೇವಿ ಎಂಬ ನಾವಿಕನ ಪುಟ್ಟ ದೋಣಿಯ ಮೇಲೆ ಹಾಡು ಕಟ್ಟಿ, ರೇಡಿಯೊದ ಹಂಗಿಲ್ಲದೆ, ಸ್ವಂತ ಕಂಪನಿಯಿಂದ ಪ್ಲೇಟು ಹೊರತಂದಳು. ನ್ಯೂಯಾರ್ಕಿನ ಬೆನ್ನಿ ಬೆಲ್‌ನ ‘ಶೇವಿಂಗ್ ಕ್ರೀಮ್’ 1946ರದು. ಪ್ರಾಸದ ಜಾಗದಲ್ಲಿ ಒಂದು ಹೊಲಸು ಮಾತು ಬಂದೇಬರುತ್ತದೆ ಎಂದು ನಾವು ಕಾಯುತ್ತಿರುವಾಗ ಅಲ್ಲಿ ಶೇವಿಂಗ್ ಕ್ರೀಮ್ ಬಂದುಬಿಡುತ್ತದೆ. ಆ ಮಾತನ್ನು ಅವನು ಹೇಳಲೇ ಇಲ್ಲ, ಹೇಳಿಕೊಂಡವರು ನಾವು. ಸುಮಾರು ಮೂವತ್ತು ವರ್ಷಗಳ ನಂತರ, 1975ರಲ್ಲಿ, ಯಾವ ರೇಡಿಯೊ ಬೇಡವೆಂದಿತ್ತೋ ಆ ರೇಡಿಯೊದಿಂದಲೇ ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಗೆ ಏರಿತು. ಆಗ ಬೆಲ್‌ಗೆ ಎಪ್ಪತ್ತರ ಹತ್ತಿರ.

ಈ ಇಡೀ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಬ್ರಿಟನ್ನಿನ ಗಾಯಕ ಜಡ್ಜ್ ಡ್ರೆಡ್‌ನ ಪಾಡು. 1972ರಿಂದ ಒಂದರ ಮೇಲೊಂದು ಪೋಲಿ ರೆಗೆ ಹಾಡು ತಂದವನು. ಬಿಬಿಸಿ ಎಲ್ಲವನ್ನೂ ದೂರ ಇಟ್ಟಿತು, ಜನ ಕೊಂಡರು. ಆಮೇಲೊಮ್ಮೆ ಯಾವ ಎರಡರ್ಥವೂ ಇಲ್ಲದ ‘ಮೋಲಿ’ ಎಂಬ ಹಾಡು ತಂದ. ಅದಕ್ಕೂ ರೇಡಿಯೊದಲ್ಲಿ ಜಾಗವಿಲ್ಲ! ಒಮ್ಮೆ ಪೋಲಿ ಎಂಬ ಹಣೆಪಟ್ಟಿ ಬಿದ್ದರೆ ಅವನ ನೆಟ್ಟಗಿನ ಮಾತಿನಲ್ಲೂ ಕೊಂಕು ಕೇಳಿಸುತ್ತದೆ. ಕತ್ತರಿ ಹಿಡಿದವರು ಹಾಡನ್ನು ಕೇಳುವುದನ್ನೇ ಬಿಟ್ಟಿದ್ದರು, ಹೆಸರನ್ನಷ್ಟೇ ಓದುತ್ತಿದ್ದರು.

ನಮ್ಮ ಆಕಾಶವಾಣಿಯೂ ಇಂಥದೊಂದು ಕಾಲ ಕಂಡಿದೆ. 1952ರಲ್ಲಿ ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಶಾಸ್ತ್ರೀಯ ಸಂಗೀತಕ್ಕೆ ಮಣೆ ಹಾಕಿ ಸಿನಿಮಾ ಹಾಡುಗಳನ್ನು ದೂರವಿಟ್ಟಾಗ ಜನ ಮುಳ್ಳು ತಿರುಗಿಸಿ ರೇಡಿಯೊ ಸಿಲೋನ್ ಹಿಡಿದರು. ರೀತ್‌ನ ಗಂಭೀರ ಭಾನುವಾರದ ಕಾರ್ಯಕ್ರಮಗಳಿಂದ ತಪ್ಪಿಸಿಕೊಳ್ಳಲು ಇಂಗ್ಲಿಷರು ರೇಡಿಯೊ ಲಕ್ಸೆಂಬರ್ಗ್ ಹಿಡಿದ ಹಾಗೆಯೇ. ಹಾಡಿನ ಮೇಲೆ ಮುನಿಸಿಕೊಂಡ ಎರಡೂ ಕಡೆ ರೇಡಿಯೊ ಕಳೆದುಕೊಂಡದ್ದು ಕೇಳುಗರನ್ನು.

ಆ ಹಳೆಯ ಹಾಡುಗಳೆಲ್ಲ ಈಗ ನಿರಾತಂಕವಾಗಿ ಕೇಳುವಂಥವು ಎಂದು ನಾನು ಹೇಳಲಾರೆ. ಕಿಟಕಿಯ ಹಾಡು ಇವತ್ತು ನನಗೆ ಇರುಸುಮುರುಸು ಮಾಡುವುದು ರೀತ್‌ಗೆ ಕಂಡ ಕಾರಣಕ್ಕಲ್ಲ. ಒಳಗಿರುವ ಹೆಣ್ಣಿಗೆ ತಿಳಿಯದಂತೆ ಇಣುಕುವುದು ಅದರಲ್ಲಿ ತಮಾಷೆಯಾಗಿದೆ. ಫಾರ್ಮ್‌ಬಿಗೆ ಹೆಸರು ತಂದ 1932ರ ಚೀನೀ ಅಗಸನ ಹಾಡು ಆ ಸಮುದಾಯವನ್ನು ಗೇಲಿ ಮಾಡುತ್ತದೆ. ಆಗ ಅದಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ಮಿಠಾಯಿ ಕೋಲಿಗೆ ಬೆಚ್ಚಿಬಿದ್ದವರಿಗೆ ಇವೆರಡೂ ಕಾಣಲೇ ಇಲ್ಲ.

ಫಾರ್ಮ್‌ಬಿ 1961ರ ಮಾರ್ಚ್ 6ರಂದು ತೀರಿಕೊಂಡ. ಅವನ ಹಾಡುಗಳನ್ನು ಮೆಚ್ಚಿದವರು ಅದೇ ವರ್ಷ ಕಟ್ಟಿದ ಸಂಘ ಬ್ಲ್ಯಾಕ್‌ಪೂಲ್‌ನಲ್ಲಿ ಸಭೆ ಸೇರುತ್ತ ಬಂದಿದೆ. ಪುಟ್ಟ ಹುಡುಗರು, ಅಜ್ಜಂದಿರು ಒಟ್ಟಿಗೆ ವೇದಿಕೆ ಹತ್ತಿ ಯುಕುಲೇಲೆ ಬಾರಿಸುತ್ತಾರೆ. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಕೂಡ ಫಾರ್ಮ್‌ಬಿಯ ದೊಡ್ಡ ಅಭಿಮಾನಿ. ಬೀಟಲ್ಸ್ ತಂಡದ 1995ರ ‘ಫ್ರೀ ಆ್ಯಸ್ ಎ ಬರ್ಡ್’ ಹಾಡು ಮುಗಿಯುವುದು ಯುಕುಲೇಲೆಯ ದನಿಯಲ್ಲಿ.

ಇನ್ನೊಂದು ಸಂಗತಿ. ಫಾರ್ಮ್‌ಬಿಯ ಕಾಲದ ಆ ಪ್ಲೇಟುಗಳು ಪ್ಲಾಸ್ಟಿಕ್ಕಿನವಲ್ಲ. ಅರಗು, ಕಲ್ಲಿನ ಪುಡಿ, ಮಸಿ, ಒಂದಿಷ್ಟು ನಾರು ಕಲಸಿ ಬಿಸಿಯಲ್ಲಿ ಒತ್ತಿದವು. ಆ ಅರಗು ಬಹುಪಾಲು ಹೋಗುತ್ತಿದ್ದುದು ನಮ್ಮ ದೇಶದಿಂದ, ಛೋಟಾನಾಗಪುರದಂಥ ಕಾಡುಗಳ ಮರಗಳಲ್ಲಿ ಅಂಟಿ ಬೆಳೆಯುವ ಪುಟ್ಟ ಹುಳುಗಳಿಂದ. ಬ್ಲ್ಯಾಕ್‌ಪೂಲ್ ಮಿಠಾಯಿಯ ಹಾಡು ಬಂದ 1937ರಲ್ಲೇ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಅರಗಿನ ಕಾರ್ಖಾನೆ ತೆರೆದರು. ಈಗ ಮತದಾನದ ಶಾಯಿ ತಯಾರಾಗುವುದು ಅಲ್ಲಿಯೇ.

ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಪ್ಲೇಟುಗಳ ಕಟ್ಟು ಇದ್ದರೆ, ಅದರಲ್ಲಿ ನಾಟಕ ಕಂಪನಿಗಳ ಹಾಸ್ಯದ ಪ್ಲೇಟುಗಳೂ ಇರಬಹುದು. ಪೋಲಿ ಎಂದು ಮುಚ್ಚಿಟ್ಟವೂ ಇರಬಹುದು. ಹಳೇ ಸಾಮಾನಿನವರಿಗೆ ಹಾಕಬೇಡಿ. ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿ ಇಡಿ. ಧೂಳು ಒರೆಸಲು ಮೆತ್ತನೆಯ ಒಣಬಟ್ಟೆ ಸಾಕು. ಸ್ಪಿರಿಟ್ ಮಾತ್ರ ಹಾಕಬೇಡಿ, ಅರಗು ಕರಗುತ್ತದೆ.