ಲ್ಯಾಬಿನ ಬೀಗದ ಕೈ ಮತ್ತು 179.99 ಡಿಗ್ರಿ

ತಪ್ಪು ಕಲ್ಪನೆ: ಶಾಲೆಗೆ ಕಂಪ್ಯೂಟರ್ ಬಂತೆಂದರೆ ಪಾಠದೊಳಕ್ಕೂ ಬಂದ ಹಾಗೆ.

ವಾಸ್ತವ: ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಿಗೆ 2001ರ ಹೊತ್ತಿಗೇ 'ಮಾಹಿತಿ ಸಿಂಧು' ಯೋಜನೆಯಲ್ಲಿ ಕಂಪ್ಯೂಟರ್ ಬಂದವು. ಕಲಿಸಲು ಬಂದವರು ಖಾಸಗಿ ಸಂಸ್ಥೆಗಳ ಬೋಧಕರು. ಗಣಿತದ ಮೇಷ್ಟ್ರಿಗೆ, ವಿಜ್ಞಾನದ ಮೇಡಂಗೆ ಲ್ಯಾಬ್ ನೆಂಟರ ಮನೆಯಾಗೇ ಉಳಿಯಿತು. 2011ರಲ್ಲಿ ಶುರುವಾದ 'ವಿಷಯ ಶಿಕ್ಷಕರ ವೇದಿಕೆ' ದಾರಿ ಬದಲಿಸಿತು. ವಿಷಯ ಕಲಿಸುವವರೇ ಕಂಪ್ಯೂಟರ್ ಮುಂದೆ ಕೂತರು, ಬೇರೆ ಜಿಲ್ಲೆಯವರ ಜೊತೆ ಮಾತಿಗಿಳಿದರು.

ತಪ್ಪು ಕಲ್ಪನೆ: ಕಂಪ್ಯೂಟರ್ ಬಲ್ಲ ಒಬ್ಬರಿದ್ದರೆ ಸಾಕು.

ವಾಸ್ತವ: ಅವರಿಗೆ ವರ್ಗವಾಗುವವರೆಗೆ ಸಾಕು. ಆಮೇಲೆ ಪ್ರೊಜೆಕ್ಟರ್ ಬೀರು ಸೇರುತ್ತದೆ.

ತಪ್ಪು ಕಲ್ಪನೆ: ಸಹಯೋಗ ಅಂದರೆ ಗ್ರೂಪಿನಲ್ಲಿ ಪಿಪಿಟಿ ಫಾರ್ವರ್ಡ್ ಮಾಡುವುದು.

ವಾಸ್ತವ: ಹಾಗೆ ಬಂದ ಪಿಪಿಟಿಗಳಲ್ಲಿ ಎಷ್ಟನ್ನು ತೆರೆದು ನೋಡಿದ್ದೇವೆ ಅಂತ ಕೇಳಿಕೊಂಡರೆ ನನಗೇ ನಾಚಿಕೆ. ಸಹಯೋಗ ಬೇಕಾಗುವುದು ಪಾಠ ಎಡವಿದಾಗ. ಉದಾಹರಣೆಗೆ, ಜಿಯೋಜಿಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ತ್ರಿಭುಜ ಬರೆದು ಒಂದು ಶೃಂಗ ಹಿಡಿದು ಎಳೆಯಿರಿ. ಕೋನಗಳ ಅಳತೆ ಪರದೆ ಮೇಲೆ ಬದಲಾಗುತ್ತಾ ಹೋಗುತ್ತದೆ. ಒಂದು ಕಡೆ ನಿಲ್ಲಿಸಿದಾಗ 50.33, 60.33, 69.33 ಅಂತ ಕಂಡಿತೆನ್ನಿ. ಹಿಂದಿನ ಬೆಂಚಿನವನು ಕೂಡಿ ನೋಡಿ ಕೇಳಿಯೇ ಕೇಳುತ್ತಾನೆ: “ಸಾರ್, 179.99 ಬಂತು. 180 ಅಂದಿದ್ರಲ್ಲ?”

ಒಂಟಿ ಮೇಷ್ಟ್ರು ಇಲ್ಲಿ “ಸುಮ್ನೆ ಕೂತ್ಕೊ” ಎಂದುಬಿಡಬಹುದು. ನಾಲ್ಕು ಜನ ಗಣಿತದವರು ಸೇರಿದರೆ ಚರ್ಚೆ ಶುರು. ದಶಮಾಂಶ ತೆಗೆದುಬಿಡಿ ಅನ್ನುತ್ತಾರೆ ಒಬ್ಬರು. ತೆಗೆದರೆ 50, 60, 69 ಆಗಿ ಮೊತ್ತ 179ಕ್ಕೆ ಇಳಿಯುತ್ತದೆ, ಇನ್ನೂ ಕೆಟ್ಟಿತು. ಇನ್ನೊಬ್ಬರು, ಹಾಗೇ ಬಿಡಿ, ಅಳತೆ ಅಂದಾಜು, ಸಾಧನೆ ಬೇರೆ ಅಂತ ಹೇಳೋಕೆ ಇದಕ್ಕಿಂತ ಒಳ್ಳೆ ಅವಕಾಶ ಸಿಗಲ್ಲ ಅನ್ನುತ್ತಾರೆ. ಪ್ರಮೇಯವನ್ನು ಯಾಕೆ ಸಾಧಿಸಬೇಕು ಅನ್ನುವ ಪ್ರಶ್ನೆ ಮಕ್ಕಳಿಂದಲೇ ಬಂದ ಹಾಗಾಯಿತು. ಈ ಮಾತು ಯಾವ ತರಬೇತಿ ಕೈಪಿಡಿಯಲ್ಲಿ ಸಿಕ್ಕೀತು?

ತಪ್ಪು ಕಲ್ಪನೆ: ಇದೆಲ್ಲ ಇಂಗ್ಲಿಷ್ ಮೀಡಿಯಂನವರಿಗೆ.

ವಾಸ್ತವ: ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದಲ್ಲಿ ಶಿಕ್ಷಕರೇ ಕನ್ನಡದಲ್ಲಿ ಪಾಠ ಸಾಮಗ್ರಿ ಬರೆದಿದ್ದಾರೆ. ಯಾರು ಬೇಕಾದರೂ ತಿದ್ದಿ ಬಳಸಬಹುದು. ಅಡ್ಡಿಯಾಗಿದ್ದು ಭಾಷೆಗಿಂತ ಹೆಚ್ಚಾಗಿ ಅಕ್ಷರ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಪ್ರಶ್ನೆಪತ್ರಿಕೆಯನ್ನು ಆ ಫಾಂಟ್ ಇಲ್ಲದ ಪಕ್ಕದ ಶಾಲೆಯಲ್ಲಿ ತೆರೆದರೆ ಬರೀ ಅರ್ಥವಿಲ್ಲದ ಚಿಹ್ನೆಗಳು! ಯೂನಿಕೋಡಿಗೆ ಬದಲಾದ ಮೇಲೆಯೇ ಹಂಚಿಕೊಳ್ಳುವುದು ಸಲೀಸಾಯಿತು.

ತಪ್ಪು ಕಲ್ಪನೆ: ನಿವೃತ್ತಿ ಹತ್ತಿರ ಬಂದವರಿಗೆ ಇದು ಒಗ್ಗದು.

ವಾಸ್ತವ: ಮೌಸ್ ಹಿಡಿಯಲು ಅವರ ಕೈ ತುಸು ತಡವರಿಸೀತು, ನಿಜ. ಆದರೆ ಹಿಂದಿನ ಬೆಂಚಿನವನು ಏನು ಕೇಳುತ್ತಾನೆಂದು ಪಾಠಕ್ಕೆ ಮೊದಲೇ ಹೇಳಬಲ್ಲವರು ಅವರೇ.