ಸೇಬಿನ ಪಕ್ಕದಲ್ಲಿ ಏನಿತ್ತು?

ಅಜ್ಜಿ ಅಂಗೈಗೆ ಹಾಕುತ್ತಿದ್ದ ಬೆಲ್ಲದ ಚೂರೇ ಚಿಕ್ಕಂದಿನಲ್ಲಿ ನನಗೆ ಹಬ್ಬ. ಮಾವ ಪೇಟೆಯಿಂದ ಮೈಸೂರುಪಾಕ್ ತಂದ ದಿನ ಮಾತ್ರ ಅದೇ ಬೆಲ್ಲ ಸಪ್ಪೆ. ಯಾಕೆ ಹಾಗೆ?

ಉತ್ತರದ ಎಳೆ ಸಿಕ್ಕಿದ್ದು 1999ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ. ಲಿಯೋನ್ ಟ್ರೆಂಬ್ಲೆ, ವೋಲ್ಫ್ರಾಮ್ ಶುಲ್ಟ್ಸ್ ಇಬ್ಬರೂ ಕೋತಿಗಳ ಮುಮ್ಮಿದುಳಿನಲ್ಲಿ, ಕಣ್ಣುಗುಳಿಗಳ ಮೇಲಿರುವ ಭಾಗದಲ್ಲಿ, ಒಂದೊಂದೇ ನರಕೋಶದ ಮಿಡಿತ ದಾಖಲಿಸಿದರು. ಸೇಬಿಗೆ ಧಾನ್ಯದ ತಿನಿಸು ಜೊತೆಯಾಗಿದ್ದಾಗ ಸೇಬಿನ ಸೂಚನೆ ಕಂಡೊಡನೆ ಕೆಲವು ಕೋಶಗಳು ಚುರುಕಾದವು. ಇನ್ನೂ ಇಷ್ಟದ ಒಣದ್ರಾಕ್ಷಿ ಜೊತೆಗೆ ಬಂತು ನೋಡಿ, ಅವೇ ಕೋಶಗಳು ಸೇಬಿಗೆ ಮಂಕಾಗಿ ದ್ರಾಕ್ಷಿಗೆ ಮಿಡಿದವು. ಸೇಬು ಬದಲಾಗಿರಲಿಲ್ಲ, ಪಕ್ಕದ್ದು ಬದಲಾಗಿತ್ತು. ಎಂಥ ಸೂಕ್ಷ್ಮ ತಕ್ಕಡಿ! ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಂದು ನಾನು ಒಲ್ಲೆನೆಂದ ಬೆಲ್ಲವನ್ನು ಅಜ್ಜಿ ಸುಮ್ಮನೆ ಡಬ್ಬಿಗೆ ಹಾಕಿಟ್ಟಿದ್ದಳು.